ಕನ್ನಡ ಕಲಿಸುವುದೂ ದಾಸೋಹವೇ

ಸಿಂಧನೂರು ವಲಸೆ ಬಂದವರ ಸೀಮೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿ ಭತ್ತ ಬೆಳೆದರು. ಪೂರ್ವ ಬಂಗಾಳದ ನಿರಾಶ್ರಿತರಿಗೂ ಸರಕಾರ ಇಲ್ಲಿಯೇ ನೆಲೆ ಕೊಟ್ಟಿತು. ಲಿಂಗಸುಗೂರು, ಮಸ್ಕಿಯ ತಾಂಡಾಗಳಲ್ಲಿ ಲಂಬಾಣಿ ಮಾತು, ಪೇಟೆಯಲ್ಲಿ ಉರ್ದು. ಇಷ್ಟು ನುಡಿಗಳ ಸೀಮೆಗೆ ಒಂದೇ ಆಡಳಿತ ಭಾಷೆ ಸರಿಯೇ?

ಸರಿ, ಅದು ಕನ್ನಡವೇ ಆಗಬೇಕು. 1963ರ ರಾಜಭಾಷಾ ಅಧಿನಿಯಮ ಹೇಳುವುದೂ ಅದನ್ನೇ. ತೆಲುಗು ರೈತ, ಬಂಗಾಳಿ ಕೂಲಿಕಾರ, ತಾಂಡಾದ ತಾಯಿ ಮೂವರೂ ಒಬ್ಬನೇ ತಹಶೀಲ್ದಾರನನ್ನು ಪ್ರಶ್ನಿಸಬೇಕಾದರೆ ಮೂವರಿಗೂ ತಿಳಿಯುವ ಒಂದು ನುಡಿ ಬೇಕು. ಇಲ್ಲವಾದರೆ ನಡುವೆ ದಲ್ಲಾಳಿ ಬಂದು ಕೂರುತ್ತಾನೆ.

ಆದರೆ ಹುಕುಮಿನಿಂದ ನುಡಿ ಬೇರೂರದು. 1948ರವರೆಗೆ ನಿಜಾಮರ ಆಡಳಿತ ಇಲ್ಲಿ ಉರ್ದುವಿನಲ್ಲಿ ನಡೆಯಿತು. ತನ್ನ ಹೊಲದ ಕಾಗದವನ್ನು ತಾನೇ ಓದಲಾರದ ಕಷ್ಟ ನಮ್ಮ ಹಿರಿಯರದಾಗಿತ್ತು. ತಪ್ಪು ಉರ್ದುವಿನದಲ್ಲ, ಕಲಿಸದೆ ಹೇರಿದ ದೊರೆತನದ್ದು. ಆ ಕಷ್ಟವನ್ನು ಕನ್ನಡದ ಹೆಸರಿನಲ್ಲಿ ನಾವು ಇನ್ನೊಬ್ಬರಿಗೆ ಕೊಡಬಾರದು.

ಕಲ್ಯಾಣದ ದಾರಿ ಬೇರೆ. ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ, ಆದಯ್ಯ ಸೌರಾಷ್ಟ್ರದಿಂದ ಬಂದವರೆಂದು ಪರಂಪರೆ ಹೇಳುತ್ತದೆ. ಇಬ್ಬರೂ ಕನ್ನಡದಲ್ಲಿ ವಚನ ಬರೆದರು. ಅವರನ್ನು ಕನ್ನಡಕ್ಕೆ ತಂದದ್ದು ರಾಜಾಜ್ಞೆಯಲ್ಲ, ಕಾಯಕ ಮತ್ತು ಶರಣರ ಸಂಗ. ಅತ್ತ ಪಾಲ್ಕುರಿಕೆ ಸೋಮನಾಥ ಬಸವಣ್ಣನವರ ಚರಿತೆಯನ್ನು ತೆಲುಗಿನಲ್ಲಿ ಹಾಡಿದ. ಅದನ್ನು ಆಧರಿಸಿಯೇ ಭೀಮಕವಿ 1369ರಲ್ಲಿ ಕನ್ನಡ ಬಸವಪುರಾಣ ರಚಿಸಿದ. ಹಾಗಿರುವಾಗ ಕ್ಯಾಂಪಿನ ತೆಲುಗು ನಮಗೆ ಪರಕೀಯ ಹೇಗಾದೀತು?

ಮಳೆ ಕೈಕೊಟ್ಟ ವರ್ಷ ನಮ್ಮ ಜನವೂ ಬೆಂಗಳೂರಿಗೆ, ಪುಣೆಗೆ, ಗೋವಾಕ್ಕೆ ಗುಳೆ ಹೋಗುತ್ತಾರೆ. ಅಲ್ಲಿ ನಮ್ಮವರಿಗೆ ಬಯಸುವ ಮರ್ಯಾದೆಯನ್ನು ಇಲ್ಲಿಗೆ ಬಂದವರಿಗೂ ಕೊಡೋಣ. ಆಸ್ಪತ್ರೆ, ರೇಷನ್ ಅಂಗಡಿ, ಪೊಲೀಸ್ ಠಾಣೆಗಳಲ್ಲಿ ಕನ್ನಡ ಬಾರದವರ ಮಾತನ್ನೂ ಕೇಳುವ ವ್ಯವಸ್ಥೆ ಇರಲಿ. ಮನೆಯಲ್ಲಿ ಅವರ ತಾಯಿನುಡಿ ಬೆಳೆಯಲಿ.

ಮಠಗಳ ಕೆಲಸವೂ ಇಲ್ಲಿದೆ. ಅರಿಯದ ಭಾಷೆಯಲ್ಲಿ ಧರ್ಮ ಹೇಳುವುದನ್ನು ಶರಣರು ಒಪ್ಪಲಿಲ್ಲ. ಅವರ ವಾರಸುದಾರರೆನ್ನುವ ನಾವು, ಕನ್ನಡ ಅರಿಯದವರನ್ನು ಅರಿಯದವರಾಗಿಯೇ ಬಿಡುವುದು ಸಲ್ಲದು. ಈ ಶ್ರಾವಣದಲ್ಲಿ ಪ್ರವಚನ ಮಠದ ಅಂಗಳದಲ್ಲಷ್ಟೇ ನಡೆಯದೆ ಕ್ಯಾಂಪಿಗೆ, ತಾಂಡಾಕ್ಕೆ ಹೋಗಲಿ. ಸಂಜೆ ಒಂದು ಗಂಟೆ ದೊಡ್ಡವರಿಗೆ ಅಕ್ಷರ ಕಲಿಸುವ ಸೇವೆಗೆ ನಮ್ಮ ನಿವೃತ್ತ ಶಿಕ್ಷಕರು ಮುಂದೆ ಬರಲಿ. ಜಾತಿ, ಧರ್ಮ ಕೇಳದೆ ಅನ್ನ ನೀಡುವ ಮಠಕ್ಕೆ ಅಕ್ಷರ ನೀಡುವುದು ಭಾರವಲ್ಲ.