‘ಗ್ಯಾಪ್ ಯಾಕೆ?’ ಅಂತ ಕೇಳೋ ಮುಂಚೆ

ಪ್ಲೇಸ್‌ಮೆಂಟ್ ಫಾರ್ಮ್‌ನಲ್ಲಿ ಒಂದು ಕಾಲಂ ಇರುತ್ತೆ: ಎಜುಕೇಶನ್ ಗ್ಯಾಪ್ ಇದ್ದರೆ ಕಾರಣ ಬರೆಯಿರಿ. ಒಂದೇ ಒಂದು ವರ್ಷ ಹೋಗಿದ್ದರೂ ಅದನ್ನು ತುಂಬೋವಾಗ ಕೈ ತಡೆಯುತ್ತೆ. ಹಾಗಾದರೆ ಹತ್ತು ವರ್ಷ ಗ್ಯಾಪ್ ಇರೋರು ಏನು ಬರೀಬೇಕು? ಫಿನ್ಲೆಂಡಿನ ಐಸ್ ಹಾಕಿ ಆಟಗಾರ್ತಿ ರೀಕ್ಕಾ ಸಲ್ಲಿನೆನ್ ಬಗ್ಗೆ ಓದಿದಾಗ ನನಗೆ ಹೊಳೆದ ಪ್ರಶ್ನೆ ಇದು.

ಮಹಿಳೆಯರ ಐಸ್ ಹಾಕಿ ಒಲಿಂಪಿಕ್ಸ್‌ಗೆ ಬಂದಿದ್ದೇ 1998ರಲ್ಲಿ, ಜಪಾನಿನ ನಾಗಾನೊದಲ್ಲಿ. ರೀಕ್ಕಾಗೆ ಆಗ 24 ವರ್ಷ. 7 ಗೋಲು, 5 ಅಸಿಸ್ಟ್, ಒಟ್ಟು 12 ಪಾಯಿಂಟ್. ಇಡೀ ಟೂರ್ನಿಗೆ ಅವರೇ ಟಾಪ್, ತಂಡಕ್ಕೆ ಕಂಚು. 2002ರ ಒಲಿಂಪಿಕ್ಸ್ ಆದ ಸ್ವಲ್ಪ ಕಾಲಕ್ಕೆ ಆಟ ಬಿಟ್ಟರು. 2010ರಲ್ಲಿ ಅಂತಾರಾಷ್ಟ್ರೀಯ ಫೆಡರೇಶನ್ ಅವರನ್ನ ಹಾಲ್ ಆಫ್ ಫೇಮ್‌ಗೂ ಸೇರಿಸಿತು. ಅಲ್ಲಿಗೆ ಕಥೆ ಮುಗೀತು ಅಂದ್ಕೊಳ್ಳೋದು ಸಹಜ.

ಆದರೆ ಅವರು 2013ರಲ್ಲಿ ವಾಪಸ್ ಬಂದ್ರು, 40ನೇ ವಯಸ್ಸಿನಲ್ಲಿ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಮತ್ತೆ ಕಂಚು. ಆಗ 44 ವರ್ಷ. ಗಂಡಸರನ್ನೂ ಸೇರಿಸಿದರೆ ಅಷ್ಟು ವಯಸ್ಸಿನಲ್ಲಿ ಐಸ್ ಹಾಕಿಯ ಒಲಿಂಪಿಕ್ ಪದಕ ಅದುವರೆಗೆ ಯಾರೂ ಗೆದ್ದಿರಲಿಲ್ಲ. ಅದೇ ತಂಡದ ಪೆಟ್ರಾ ನೀಮಿನೆನ್, ನಾಗಾನೊ ಹೊತ್ತಿಗೆ ಇನ್ನೂ ಹುಟ್ಟೇ ಇರಲಿಲ್ಲ!

ಇದನ್ನ ‘ವಯಸ್ಸು ಬರೀ ನಂಬರ್’ ಅಂತ ಸ್ಟೇಟಸ್ ಹಾಕಿ ಮರೆತುಬಿಡೋದು ಸುಲಭ. ನನಗೆ ಅದು ಒಪ್ಪಿಗೆ ಇಲ್ಲ. ಅವರ ಛಲ ದೊಡ್ಡದು, ನಿಜ. ಆದರೆ ಆಯ್ಕೆ ಮಾಡೋರು ‘ಇಷ್ಟು ವರ್ಷ ಎಲ್ಲಿದ್ರಿ?’ ಅನ್ನೋದನ್ನೇ ಹಿಡಿದು ಕೂತಿದ್ದರೆ, ಆ ಛಲ ಮನೆಯಲ್ಲೇ ಉಳೀತಿತ್ತು. ‘ಈಗ ಏನು ಆಡ್ತೀರಿ?’ ಅಂತ ನೋಡಿದ್ದಕ್ಕೇ ಅವರು ಐಸ್ ಮೇಲೆ ಇಳಿಯೋಕೆ ಆಯ್ತು.

ಕಂಪನಿಗಳನ್ನ ಬೈಯೋದು ಬಿಡಿ, ನಾವೇನು ಕಮ್ಮಿ? ಪ್ರಾಜೆಕ್ಟ್‌ಗೆ ಟೀಮ್ ಮಾಡುವಾಗ ಇಯರ್ ಬ್ಯಾಕ್ ಆದ ಸೀನಿಯರ್ ಕಡೆಗೆ ಕಣ್ಣೆತ್ತಿಯೂ ನೋಡಲ್ಲ. ಹುಷಾರಿಲ್ಲದೆಯೋ ಮನೆ ಕಷ್ಟಕ್ಕೋ ಒಂದು ವರ್ಷ ಬಿಟ್ಟು ಬಂದವರು ಕೊನೇ ಬೆಂಚಿನಲ್ಲಿ ಒಬ್ಬರೇ ಕೂತಿರ್ತಾರೆ. ‘ಟೆಕ್ನಾಲಜಿ ಮುಂದೆ ಹೋಗಿರುತ್ತೆ, ಅವರು ಹಿಂದೆ ಬಿದ್ದಿರ್ತಾರೆ’ ಅಂತ ವಾದ ಮಾಡಬಹುದು. ಹತ್ತು ವರ್ಷದಲ್ಲಿ ಹಾಕಿನೂ ಮುಂದೆ ಹೋಗಿತ್ತಲ್ವಾ? ರಿಯಾಯಿತಿ ಕೊಡಿ ಅಂತ ನಾನು ಹೇಳ್ತಿಲ್ಲ. ಟ್ರಯಲ್ ಕೊಡಿ. ಆಗಲ್ಲ ಅಂತ ಗೊತ್ತಾದರೆ ಆಮೇಲೆ ಬೇಡ ಅನ್ನಿ.

2019ರಲ್ಲಿ ಎಸ್ಪೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಫಿನ್ಲೆಂಡ್ ಸೆಮಿಫೈನಲ್‌ನಲ್ಲಿ ಕೆನಡಾವನ್ನ 4-2ರಿಂದ ಸೋಲಿಸ್ತು. ಕೆನಡಾ, ಅಮೆರಿಕ ಬಿಟ್ಟು ಬೇರೆ ದೇಶವೊಂದು ಫೈನಲ್‌ಗೆ ಹೋಗಿದ್ದು ಅದೇ ಮೊದಲು. ಫೈನಲ್‌ನ ಓವರ್‌ಟೈಮ್‌ನಲ್ಲಿ ಹೊಡೆದ ಗೋಲು ವಿಡಿಯೋ ನೋಡಿದ ಮೇಲೆ ರದ್ದಾಯ್ತು. ಶೂಟೌಟ್‌ನಲ್ಲಿ ಅಮೆರಿಕ ಗೆದ್ದಿತು. ಬೆಳ್ಳಿ ಪದಕ ಹಾಕಿಕೊಂಡ ಆ ತಂಡದಲ್ಲಿ 45 ವರ್ಷದ ರೀಕ್ಕಾ ಕೂಡ ಇದ್ದರು. ಅದೇ ವರ್ಷ ನಿವೃತ್ತಿ ಹೇಳಿದ್ರು, ಈ ಸಲ ನಿಜವಾಗಿ.

ಮುಂದಿನ ಸೆಮ್‌ನಲ್ಲಿ ಟೀಮ್ ಲಿಸ್ಟ್ ಬರೆಯೋವಾಗ ಆ ಕೊನೇ ಬೆಂಚಿನವರನ್ನ ಒಂದ್ಸಲ ಕರೆದು ನೋಡಿ.