ಹುಟ್ಟು ಹಾಕದ ದೋಣಿಗಳು

ಹೊಸದಾಗಿ ಆಯ್ಕೆಯಾದ ಲಂಡನ್ ಮೇಯರ್ ವೆಸ್ಟ್‌ಮಿನ್‌ಸ್ಟರ್‌ಗೆ ಹೋಗಿ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ನಾಲ್ಕು ಶತಮಾನ ಕಾಲ ಆ ಮೆರವಣಿಗೆ ಥೇಮ್ಸ್ ನದಿಯ ಮೇಲೇ ನಡೆಯಿತು. ಅಕ್ಕಸಾಲಿಗರು, ದರ್ಜಿಗಳು, ಕಾಗದ-ಪುಸ್ತಕದ ವ್ಯಾಪಾರಿಗಳು, ಹೀಗೆ ಒಂದೊಂದು ಕಸುಬಿನ ಸಂಘಕ್ಕೂ ತನ್ನದೇ ಬಾರ್ಜ್. ಮುಂಭಾಗದಲ್ಲಿ ಸಾಲಾಗಿ ಕೂತು ಹುಟ್ಟು ಹಾಕುವ ಅಂಬಿಗರು, ಹಿಂದೆ ಸಂಘದ ಹಿರಿಯರಿಗೆ ಕಿಟಕಿಗಳಿದ್ದ ಕೋಣೆ, ಅದರ ಸುತ್ತ ಚಿನ್ನದ ಬಣ್ಣ ಬಳಿದ ಮರದ ಕೆತ್ತನೆ. ಇಟಲಿಯ ಕಲಾವಿದ ಕೆನಲೆಟ್ಟೊ 1740ರ ದಶಕದಲ್ಲಿ ಈ ವೈಭವವನ್ನು ಸೇಂಟ್ ಪಾಲ್ ಗುಮ್ಮಟದ ಹಿನ್ನೆಲೆಯಲ್ಲಿ ಚಿತ್ರಿಸಿದ. 1856ರಲ್ಲಿ ಕೊನೆಯ ಜಲಮೆರವಣಿಗೆ ನಡೆಯಿತು. ಮರುವರ್ಷ ನದಿಯ ಆಡಳಿತ ನಗರಸಭೆಯ ಕೈಬಿಟ್ಟು ಬೇರೊಂದು ಮಂಡಳಿಗೆ ಹೋಯಿತು.

ಇಷ್ಟು ದೊಡ್ಡ, ಇಷ್ಟು ಚೆಂದದ, ಆದರೆ ಯಾರಿಗೂ ಬೇಡವಾದ ದೋಣಿಗಳನ್ನು ಏನು ಮಾಡುವುದು? ಉತ್ತರ ಬಂದದ್ದು ನದಿಯ ಮೇಲ್ದಂಡೆಯ ಆಕ್ಸ್‌ಫರ್ಡ್‌ನಿಂದ. ಮೆರವಣಿಗೆ ನಿಲ್ಲುವುದಕ್ಕೂ ಹತ್ತು ವರ್ಷ ಮೊದಲೇ, 1846ರಲ್ಲಿ, ಅಲ್ಲಿನ ವಿಶ್ವವಿದ್ಯಾಲಯದ ದೋಣಿ ಕ್ಲಬ್ಬು ದರ್ಜಿಗಳ ಸಂಘದ ಬಾರ್ಜನ್ನು ಕೊಂಡಿತ್ತು. ಹುಟ್ಟು ಹಾಕಿ ಬೆವೆತ ಹುಡುಗರಿಗೆ ಬಟ್ಟೆ ಬದಲಿಸಲು, ಕೂತು ಮಾತಾಡಲು ಒಂದು ಜಾಗ ಬೇಕಿತ್ತು. ಅಷ್ಟೇ ಅಗತ್ಯ. ರಾಜಠೀವಿಯ ದೋಣಿಯೊಂದು ಬಟ್ಟೆ ಬದಲಿಸುವ ಕೋಣೆಯಾಯಿತಲ್ಲ ಎಂದು ಮರುಗುವವರಿರಬಹುದು. ನನಗೆ ಹಾಗೆನಿಸುವುದಿಲ್ಲ. ಆ ಕೆತ್ತನೆಗಳು ಅಷ್ಟು ಕಾಲವಾದರೂ ಒಲೆಯ ಪಾಲಾಗದೆ ಉಳಿದದ್ದು ಈ ಅಗತ್ಯದಿಂದಲೇ.

ಕ್ಲಬ್ಬಿನ ದಾರಿಯನ್ನೇ ಕಾಲೇಜುಗಳೂ ಹಿಡಿದವು. ಹಳೆಯವು ಸಿಗದಾದಾಗ ಹೊಸದನ್ನೇ ಕಟ್ಟಿಸಿದವು. 1879ರಲ್ಲಿ ಯೂನಿವರ್ಸಿಟಿ ಕಾಲೇಜಿಗೆ ಬಾರ್ಜ್ ವಿನ್ಯಾಸ ಮಾಡಿಕೊಟ್ಟವನು ಜಾನ್ ಓಲ್ಡ್ರಿಡ್ ಸ್ಕಾಟ್. ಚರ್ಚುಗಳನ್ನು ಕಟ್ಟುತ್ತಿದ್ದ ವಾಸ್ತುಶಿಲ್ಪಿ, ಪ್ರಖ್ಯಾತ ಜಾರ್ಜ್ ಗಿಲ್ಬರ್ಟ್ ಸ್ಕಾಟನ ಮಗ. ಈ ಹೊಸ ಬಾರ್ಜುಗಳನ್ನು ಹುಟ್ಟು ಹಾಕಿ ನಡೆಸುವ ಯೋಚನೆಯೇ ಇರಲಿಲ್ಲ. ಕ್ರೈಸ್ಟ್ ಚರ್ಚ್ ಹುಲ್ಲುಗಾವಲಿನ ದಡಕ್ಕೆ ಕಟ್ಟಿಹಾಕಿದ ತೇಲುವ ಮನೆಗಳು ಅವು: ಚಾವಣಿಯ ಸುತ್ತ ಕಟಕಟೆ, ನಡುವೆ ಧ್ವಜಸ್ತಂಭ, ಮೈಮೇಲೆ ಕಾಲೇಜಿನ ಲಾಂಛನ.

ಅವುಗಳ ಹಬ್ಬವೆಂದರೆ ಮೇ ತಿಂಗಳ ಎಯ್ಟ್ಸ್ ವೀಕ್. ಅಲ್ಲಿನವರು ಐಸಿಸ್ ಎಂದು ಕರೆಯುವ ಥೇಮ್ಸ್, ದೋಣಿಗಳು ಅಕ್ಕಪಕ್ಕ ಓಡುವಷ್ಟು ಅಗಲವಿಲ್ಲ. ಆದ್ದರಿಂದ ಎಂಟೆಂಟು ಜನರ ದೋಣಿಗಳು ಒಂದರ ಹಿಂದೊಂದು, ನಡುವೆ ಒಂದೂವರೆ ದೋಣಿಯ ಅಂತರ ಬಿಟ್ಟು ನಿಲ್ಲುತ್ತವೆ. ಹಿಂದಿನದು ಮುಂದಿನದನ್ನು ಅಟ್ಟಿ ಮುಟ್ಟಿದರೆ ಮರುದಿನ ಎರಡರ ಜಾಗ ಅದಲುಬದಲು. 1815ರಷ್ಟು ಹಿಂದೆಯೇ ಶುರುವಾದ ಆಟ ಇದು. ಎದುರು ದಡದಲ್ಲಿ ಕೂಗುತ್ತಾ ಓಡುವ ಗೆಳೆಯರು, ಈ ದಡದಲ್ಲಿ ಬಾರ್ಜಿನ ಚಾವಣಿಯ ಮೇಲೆ ಕಿಕ್ಕಿರಿದ ಅಕ್ಕತಂಗಿಯರು, ತಾಯಂದಿರು, ಅಧ್ಯಾಪಕರು. ಮ್ಯಾಕ್ಸ್ ಬೀರ್‌ಬೋಮ್ 1911ರ ತನ್ನ 'ಜುಲೈಕಾ ಡಾಬ್ಸನ್' ಕಾದಂಬರಿಯ ದುರಂತಕ್ಕೆ ಈ ಸ್ಪರ್ಧೆಯ ಹೊತ್ತನ್ನೇ ಆರಿಸಿಕೊಂಡದ್ದು ಸಹಜವೇ.

ಆದರೆ ಮರದ ತಳ ವರ್ಷವಿಡೀ ನೀರಿನಲ್ಲಿದ್ದರೆ ಕೊಳೆಯುತ್ತದೆ, ದುರಸ್ತಿಗೆ ಕೊನೆಯಿಲ್ಲ. ಹದಿನೆಂಟು ಮೀಟರಿನಷ್ಟು ಉದ್ದದ ಸ್ಪರ್ಧೆಯ ದೋಣಿಗಳನ್ನು ಒಳಗಿಡಲೂ ಆಗದು. ಕಾಲೇಜುಗಳು ಒಂದೊಂದಾಗಿ ದಡದ ಮೇಲೆ ಇಟ್ಟಿಗೆಯ ದೋಣಿಮನೆಗಳನ್ನು ಕಟ್ಟಿಕೊಂಡವು. ಬಟ್ಟೆ ಬದಲಿಸಲು ಬೇರೆ ಜಾಗ ಸಿಕ್ಕ ಕೂಡಲೇ ಬಾರ್ಜುಗಳ ಆಯಸ್ಸು ಮುಗಿಯಿತು. ಅವುಗಳ ಬಗ್ಗೆ ಎಲ್ಲರಿಗೂ ಪ್ರೀತಿಯಿತ್ತು, ಆದರೆ ತಳಕ್ಕೆ ಹೊಸ ಹಲಗೆ ಹೊಡೆಸುವಷ್ಟು ಪ್ರೀತಿ ಇರಲಿಲ್ಲ. ನಮ್ಮ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡಿನಲ್ಲಿದ್ದ 1960ರ ದಶಕದ ಆರಂಭದ ಹೊತ್ತಿಗೆ ಆ ಸಾಲು ಅಳಿವಿನ ಅಂಚಿಗೆ ಬಂದಿತ್ತು.

ಅದೇ ದಶಕದಲ್ಲಿ ಕೆಲವರು ಸೇರಿ ಸಂರಕ್ಷಣಾ ಟ್ರಸ್ಟ್ ಕಟ್ಟಿ, ಉಳಿದ ಕೆಲವನ್ನು ದುರಸ್ತಿ ಮಾಡಿಸಿದರು. ಅವರಿಗೆ ನಮೋ ಎನ್ನಬೇಕು. ಆದರೆ ಹಾಗೆ ಉಳಿದವೂ ಹುಲ್ಲುಗಾವಲಿನ ಪಕ್ಕದಲ್ಲಿಲ್ಲ. ಜೀಸಸ್ ಕಾಲೇಜಿನ ಬಾರ್ಜ್ ಎಷ್ಟೋ ಕೆಳಗೆ ರಿಚ್ಮಂಡ್ ದಡ ಸೇರಿತು. ಕಾಲೇಜುಗಳು ಒಂದನ್ನಾದರೂ ಹಳೆಯ ಜಾಗಕ್ಕೆ ತಂದು ಕಟ್ಟಲಿ ಎಂಬುದು ನನ್ನ ಆಸೆ. ಗಾಜಿನ ಹಿಂದಿನ ವಸ್ತುವಿನಂತೆ ಬೇಡ, ವಿದ್ಯಾರ್ಥಿಗಳು ಒದ್ದೆ ಕಾಲಿನಲ್ಲೇ ಹತ್ತಿ ಇಳಿಯುವ ಜಾಗವಾಗಿ.