ತಂತಿ ಮಿಡಿದರೆ ಸಾಲದು

ವೀಣೆ ನುಡಿಸುವವರಿಗೆ ಕಾಲಿನ ಕೆಲಸವಿಲ್ಲ. ಚಕ್ಕಳಮಕ್ಕಳ ಹಾಕಿ ಕುಳಿತರೆಂದರೆ ಮಂಗಳ ಹಾಡುವವರೆಗೆ ಕಾಲುಗಳಿಗೆ ರಜವೇ. ಕಂಪನಿ ನಾಟಕಗಳ ಹಾರ್ಮೋನಿಯಂ ಮಾಸ್ತರರ ಪಾಡು ಬೇರೆಯಾಗಿತ್ತು. ಕಾಲಿನಿಂದ ತಿದಿಯೊತ್ತುತ್ತ, ಮನೆಗಳ ಮೇಲೆ ಬೆರಳಾಡಿಸುತ್ತ, ಕಣ್ಣಿನಿಂದ ರಂಗದ ಮೇಲಣ ನಟನನ್ನು ಕಾಯುತ್ತ ಅವರು ಒಂದು ಬಗೆಯ ಅಷ್ಟಾವಧಾನವನ್ನೇ ನಡೆಸಬೇಕಾಗಿತ್ತು. ಇಂದಿನ ವಿದ್ಯುತ್ ಗಿಟಾರಿನ ವಾದಕನು ಈ ಎರಡನೆಯ ಪಂಗಡಕ್ಕೆ ಸೇರಿದವನು. ಎಡಗೈ ತಂತಿಯನ್ನು ಒತ್ತುತ್ತಿರುತ್ತದೆ, ಬಲಗೈ ಮೀಟುತ್ತಿರುತ್ತದೆ. ಹಾಡಿನ ನಡುವೆ ಗಿಟಾರಿನ ಕಂಠವೇ ಬದಲಾಗಬೇಕಾದ ಗಳಿಗೆ ಬಂದಾಗ ಅವನಿಗೆ ಉಳಿದಿರುವುದು ಪಾದ ಒಂದೇ.

ಈ ವಿಷಯವನ್ನು ಇಂದು ಎತ್ತಿಕೊಳ್ಳಲು ಕಾರಣ ವಾಚಕರೊಬ್ಬರ ಪತ್ರ. ಕಾಲೇಜಿಗೆ ಹೋಗುವ ಮಗನು ಗೆಳೆಯರ ವಾದ್ಯಮೇಳದಲ್ಲಿ ಗಿಟಾರು ನುಡಿಸುತ್ತಾನಂತೆ. ಸಾಕಷ್ಟು ಹಣ ತೆತ್ತು ಒಂದು 'ಮಾಡೆಲರ್' ಯಂತ್ರವನ್ನು ಕೊಡಿಸಿಯಾಗಿದೆ. ಈಗ ಅದನ್ನು ಕಾಲಿನಿಂದ ನಡೆಸಲು ಮತ್ತೊಂದು ಹಲಗೆ ಬೇಕೆನ್ನುತ್ತಾನೆ. ಅಟ್ಟದ ಮೇಲೆ ಚಿಕ್ಕಪ್ಪನ ಕಾಲದ್ದೊಂದು ಹತ್ತು ಗುಂಡಿಯ ಹಲಗೆ ಬಿದ್ದಿದೆ. ಅದು ಬರುತ್ತದೆಯೋ, ಇಲ್ಲವೆ ಹೊಸತಕ್ಕೆ ಹಣ ಸುರಿಯಬೇಕೋ ಎಂಬುದು ಪ್ರಶ್ನೆ. "ಯಂತ್ರಕ್ಕೆ ಒಂದು ಯಂತ್ರ, ಆ ಯಂತ್ರಕ್ಕೆ ಮತ್ತೊಂದು, ಇದಕ್ಕೆ ಕೊನೆಯುಂಟೆ?" ಎಂದು ಅವರು ಕೇಳಿರುವುದರಲ್ಲಿ ಸಂಕಟವೂ ಇದೆ, ನ್ಯಾಯವೂ ಇದೆ.

ಮೊದಲು ಮಾಡೆಲರ್ ಎಂದರೇನೆಂಬುದನ್ನು ನೋಡೋಣ. ವಿದ್ಯುತ್ ಗಿಟಾರು ತಾನಾಗಿ ಅರೆಮೂಗ ವಾದ್ಯ. ತಂತಿಯ ಕಂಪನವು ಅದರ ಕೆಳಗಿರುವ ಅಯಸ್ಕಾಂತದ ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತನ್ನು ಹುಟ್ಟಿಸುತ್ತದೆ. ಅದು ಆಂಪ್ಲಿಫೈಯರಿಗೆ ಹೋಗಿ, ಅಲ್ಲಿಂದ ಧ್ವನಿಪೆಟ್ಟಿಗೆಯ ಮೂಲಕ ಹೊರಬಿದ್ದಾಗಲೇ ನಾದ. ಆದುದರಿಂದ ಆಂಪ್ಲಿಫೈಯರು ಬರಿಯ ಧ್ವನಿಯನ್ನು ಹಿಗ್ಗಿಸುವ ಸಾಧನವಲ್ಲ, ವಾದ್ಯದ ಅರ್ಧಾಂಗಿ. ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಮಿನುಗುತ್ತಿದ್ದ ವಾಲ್ವುಗಳೇ ಅದರೊಳಗೂ ಇದ್ದವು. ವಾಲ್ವಿನ ಮೇಲೆ ಅಳತೆ ಮೀರಿ ಹೊರೆ ಹೊರಿಸಿದರೆ ಅಲೆಯ ತುದಿಗಳು ಚಪ್ಪಟೆಯಾಗಿ ನಾದ ಒಡೆಯುತ್ತದೆ. ಎಂಜಿನಿಯರುಗಳಿಗೆ ಇದು ದೋಷ. ರಾಕ್ ಸಂಗೀತದವರಿಗೆ ಇದೇ ಪರಮಾನ್ನ. ಲಂಡನ್ನಿನ ಹ್ಯಾನ್‌ವೆಲ್ ಎಂಬಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಎಂಬಾತನು 1962ರಲ್ಲಿ ಅಮೆರಿಕದ ಫೆಂಡರ್ ಆಂಪ್ಲಿಫೈಯರೊಂದರ ಜಾಡಿನಲ್ಲಿಯೇ ತನ್ನದೊಂದನ್ನು ಮಾಡಿಸಿದಾಗ, ಹುಟ್ಟಿದ್ದು ನಕಲಲ್ಲ, ಬೇರೆಯೇ ಒಂದು ಕಂಠ. ಫೆಂಡರಿನದು ಗಂಟೆಯಂಥ ತಿಳಿನಾದ, ಮಾರ್ಷಲಿನದು ಒರಟು ಗರ್ಜನೆ, ವಾಕ್ಸಿನದು ಇನ್ನೊಂದು ಬಗೆ. ಮೂರೂ ಬೇಕೆಂದವನು ಮೂರನ್ನೂ ಹೊರಬೇಕು. ಅವುಗಳ ಭಾರವನ್ನು ಹೊತ್ತವರೇ ಬಲ್ಲರು. ಮೇಲಾಗಿ, ಆ ಒಡೆದ ನಾದ ಚೆನ್ನಾಗಿ ಬರುವುದು ಧ್ವನಿಯನ್ನು ತುಂಬ ಏರಿಸಿದಾಗಲೇ. ಮಹಡಿ ಮನೆಗಳಲ್ಲಿ ವಾಸಿಸುವವರಿಗೆ ಇದರ ಫಲವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಹೊರೆಯನ್ನು ಇಳಿಸಿದ್ದು ಗಣಿತ. ತಂತಿಯಿಂದ ಬಂದ ಅಲೆಯನ್ನು ಸೆಕೆಂಡಿಗೆ 48,000 ಬಾರಿ ಅಳೆದು ಅಂಕಿಗಳಾಗಿ ಬರೆದುಕೊಂಡರೆ, ವಾಲ್ವು ಆ ಅಲೆಗೆ ಏನು ಮಾಡುತ್ತಿತ್ತೋ ಅದನ್ನು ಲೆಕ್ಕದಿಂದಲೇ ಮಾಡಬಹುದು. ಧ್ವನಿಪೆಟ್ಟಿಗೆಗೆ ಇನ್ನೊಂದು ಉಪಾಯವುಂಟು: ನಿಜವಾದ ಪೆಟ್ಟಿಗೆಗೆ ಚುರುಕಾದ ಒಂದು ಮಿಡಿತವನ್ನು ಕೊಟ್ಟು, ಅದು ಹೇಗೆ ಪ್ರತಿನುಡಿಯಿತೆಂಬುದನ್ನು ಮುದ್ರಿಸಿಟ್ಟುಕೊಂಡು, ಮುಂದೆ ಬರುವ ಪ್ರತಿಯೊಂದು ನಾದಕ್ಕೂ ಆ ಗುಣವನ್ನು ಹಚ್ಚುವುದು. ಅಮೆರಿಕದ ಲೈನ್ 6 ಸಂಸ್ಥೆಯು 1998ರಲ್ಲಿ ಹೊರತಂದ 'ಪಾಡ್' ಎಂಬ ಕೆಂಪು ಪೆಟ್ಟಿಗೆ ಈ ವಿದ್ಯೆಯನ್ನು ಮನೆಮನೆಗೆ ತಲುಪಿಸಿತು. ಅದರ ಆಕಾರ ಥೇಟು ಒಂದು ದೊಡ್ಡ ಕಾಳಿನಂತೆ. ಬಳಸುವವರೂ ಅದನ್ನು ಪ್ರೀತಿಯಿಂದ ಕಾಳೆಂದೇ ಕರೆದರು. 2006ರಲ್ಲಿ ಫ್ರ್ಯಾಕ್ಟಲ್ ಸಂಸ್ಥೆಯ ಆಕ್ಸ್-ಎಫ್‌ಎಕ್ಸ್ ಬಂದು, ವೃತ್ತಿಗಾರರೂ ಮೂಗು ಮುರಿಯದಂತೆ ಮಾಡಿತು. ಜರ್ಮನಿಯ ಕೆಂಪರ್ ಎಂಬ ಯಂತ್ರ ಮತ್ತೂ ಒಂದು ಹೆಜ್ಜೆ ಮುಂದೆ ಹೋಗಿ, ನಿಮ್ಮದೇ ಆಂಪ್ಲಿಫೈಯರನ್ನು ಎದುರಿಗಿಟ್ಟರೆ ಅದಕ್ಕೆ ನಾನಾ ಬಗೆಯ ಸದ್ದುಗಳನ್ನು ಕಳಿಸಿ, ಬಂದ ಉತ್ತರದಿಂದ ಅದರ ರೂಪುರೇಖೆಯನ್ನು ಬರೆದುಕೊಳ್ಳತೊಡಗಿತು. 2015ರಲ್ಲಿ ಲೈನ್ 6ನವರದೇ ಹೀಲಿಕ್ಸ್ ಬಂದಿತು.

ಅಸಲಿಗೂ ನಕಲಿಗೂ ವ್ಯತ್ಯಾಸವಿಲ್ಲವೆ? ಧ್ವನಿಮುದ್ರಣದಲ್ಲಿ ಕೇಳಿ ಹೇಳಬಲ್ಲೆನೆಂದು ಪಣ ಕಟ್ಟುವವರು ಸೋಲುವ ಸಂಭವವೇ ಹೆಚ್ಚೆಂದು ನಮ್ಮ ಅಭಿಪ್ರಾಯ. ದೊಡ್ಡ ಪೆಟ್ಟಿಗೆಯ ಮುಂದೆ ನಿಂತಾಗ ಪ್ಯಾಂಟಿನ ಕಾಲುಗಳನ್ನು ಅಲುಗಾಡಿಸುವ ಆ ಗಾಳಿ ಮಾತ್ರ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿನಲ್ಲಿ ಬಾರದು. ಮನೆಯ ಉಳಿದ ಸದಸ್ಯರು ಆ ಗಾಳಿಗಾಗಿ ಹಂಬಲಿಸುವುದನ್ನು ನಾವಂತೂ ಕಂಡಿಲ್ಲ.

ತೊಡಕು ಹುಟ್ಟುವುದು ವೇದಿಕೆಯ ಮೇಲೆ. ನೂರಾರು ಕಂಠಗಳು ಆ ಪೆಟ್ಟಿಗೆಯಲ್ಲಿ ಮಲಗಿವೆ. ಪಲ್ಲವಿಗೆ ತಿಳಿನಾದ ಬೇಕು. ಚರಣಕ್ಕೆ ಒಡೆದ ನಾದ, ಅದರ ಬೆನ್ನಿಗೆ ಮಾರ್ದನಿ. ಬದಲಾವಣೆಗೆ ದೊರೆಯುವ ಅವಕಾಶ ಒಂದು ಮಾತ್ರೆಗಿಂತಲೂ ಕಡಿಮೆ. ಆಗ ಬಗ್ಗಿ ಗುಂಡಿ ತಿರುಗಿಸುತ್ತ ಕುಳಿತರೆ ಮೇಳ ಮುಂದೆ ಹೋಗಿರುತ್ತದೆ, ಸಭಿಕರು ವಾದಕನ ನೆತ್ತಿಯನ್ನು ನೋಡುತ್ತಿರುತ್ತಾರೆ. ಇಲ್ಲಿಯೇ 'ಮಿಡಿ' ಪ್ರವೇಶಿಸುವುದು.

ಮಿಡಿ ಎಂದೊಡನೆ ನಮ್ಮ ಗೃಹಿಣಿಯರಿಗೆ ಉಪ್ಪಿನಕಾಯಿಯ ಭರಣಿ ನೆನಪಾದರೆ ತಪ್ಪಿಲ್ಲ. ಆದರೆ ಇದು ಇಂಗ್ಲಿಷಿನ ನಾಲ್ಕು ಮಾತುಗಳ ಮೊದಲ ಅಕ್ಷರಗಳನ್ನು ಪೋಣಿಸಿ ಮಾಡಿದ ಹೆಸರು. ಸಂಗೀತವಾದ್ಯಗಳು ಅಂಕಿಗಳ ಮೂಲಕ ಪರಸ್ಪರ ಮಾತನಾಡುವ ಏರ್ಪಾಡು ಎಂದು ತಾತ್ಪರ್ಯ. ತಂತಿಯನ್ನು ಮೀಟುವುದಕ್ಕೂ ಹೃದಯದ ಬಡಿತಕ್ಕೂ ನಾವು ಬಳಸುವ ಪದವೇ ಇದಕ್ಕೂ ಒದಗಿರುವುದು ಕೇವಲ ಕಾಕತಾಳೀಯ; ಆದರೂ ಕನ್ನಡಿಗರಿಗೆ ಕೇಳಲು ಹಿತವಾಗಿದೆ.

ಇದರ ಜನ್ಮವೃತ್ತಾಂತ ಸ್ವಾರಸ್ಯವಾಗಿದೆ. 1980ರ ಸುಮಾರಿಗೆ ವಿದ್ಯುನ್ಮಾನ ವಾದ್ಯಗಳನ್ನು ಮಾಡುವ ಒಂದೊಂದು ಕಂಪನಿಗೂ ಒಂದೊಂದು ಭಾಷೆ. ಒಂದರ ತಂತಿ ಮತ್ತೊಂದಕ್ಕೆ ಹೊಂದದು. ಜಪಾನಿನ ರೋಲಾಂಡ್ ಸಂಸ್ಥೆಯ ಸ್ಥಾಪಕ ಇಕುಟಾರೊ ಕಾಕೆಹಾಶಿ ಎಳವೆಯಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡು, ಗಡಿಯಾರ ರಿಪೇರಿಯಿಂದ ಜೀವನ ಆರಂಭಿಸಿ, ಕ್ಷಯರೋಗದಿಂದ ವರ್ಷಗಟ್ಟಲೆ ಆರೋಗ್ಯಧಾಮದಲ್ಲಿ ಮಲಗಿ ಎದ್ದುಬಂದವನು. ಇತ್ತ ಕ್ಯಾಲಿಫೋರ್ನಿಯದಲ್ಲಿ ಸೀಕ್ವೆನ್ಷಿಯಲ್ ಸರ್ಕಿಟ್ಸ್ ಎಂಬ ಸಣ್ಣ ಕಂಪನಿಯ ಡೇವ್ ಸ್ಮಿತ್. ವ್ಯಾಪಾರದಲ್ಲಿ ಈರ್ವರೂ ಎದುರಾಳಿಗಳು. ಆದರೂ ವಾದ್ಯಗಳಿಗೆಲ್ಲ ಒಂದೇ ಭಾಷೆ ಇರಬೇಕೆಂದು ಇಬ್ಬರಿಗೂ ತೋರಿತು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯವ್ಯಾಪಾರಿಗಳ ಮೇಳದಲ್ಲಿ ಒಬ್ಬನ ವಾದ್ಯಕ್ಕೂ ಇನ್ನೊಬ್ಬನ ವಾದ್ಯಕ್ಕೂ ತಂತಿ ಕಟ್ಟಿದರು. ಇಲ್ಲಿ ಒತ್ತಿದರೆ ಅಲ್ಲಿ ನುಡಿಯಿತು. ಆ ಭಾಷೆಯನ್ನು ಯಾರು ಬೇಕಾದರೂ ಬಳಸಬಹುದು, ಕಾಣಿಕೆ ಕೊಡಬೇಕಾಗಿಲ್ಲವೆಂದು ಬಿಟ್ಟುಕೊಟ್ಟರು. ಬೇಲಿ ಹಾಕಿ ಸುಂಕ ವಸೂಲು ಮಾಡಿದ್ದರೆ ಇಬ್ಬರೂ ಕುಬೇರರಾಗುತ್ತಿದ್ದರೋ ಏನೋ. ಸ್ಮಿತ್ತನ ಕಂಪನಿ 1987ರಲ್ಲಿ ಮುಳುಗಿ, ಅದರ ಹೆಸರು ಯಮಾಹಾ ಸಂಸ್ಥೆಯ ಪಾಲಾಯಿತು. 2015ರಲ್ಲಿ ಯಮಾಹಾದವರು ಆ ಹೆಸರನ್ನು ಸ್ಮಿತ್ತನಿಗೆ ಮರಳಿಸಿದರು. ಹಾಗೆ ಮಾಡಬೇಕೆಂದು ಒತ್ತಾಯಪಡಿಸಿದವನು ಹಳೆಯ ಎದುರಾಳಿ ಕಾಕೆಹಾಶಿಯೇ. ಆತ 2017ರಲ್ಲಿ ತೀರಿಕೊಂಡ, ಸ್ಮಿತ್ 2022ರಲ್ಲಿ.

ಈಗ ಅಟ್ಟದ ಮೇಲಿನ ಹಲಗೆಗೆ ಬರೋಣ. ಮಿಡಿಯ ತಂತಿಯಲ್ಲಿ ನಾದ ಹರಿಯುವುದಿಲ್ಲ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಲ್ಲಿ ಹೋಗುವುದು ಅಪ್ಪಣೆ ಮಾತ್ರ, ಅದೂ ಅಂಕಿಗಳಲ್ಲಿ. 'ಇಂತಿಷ್ಟನೆಯ ಕಂಠವನ್ನು ಎತ್ತಿಕೊ' ಎಂಬುದು ಒಂದು ಬಗೆಯ ಅಪ್ಪಣೆ. ಅದಕ್ಕೆ ಪ್ರೋಗ್ರಾಂ ಚೇಂಜ್ ಎಂದು ಹೆಸರು. 'ಇಂಥ ಗುಣವನ್ನು ಇಷ್ಟು ಏರಿಸು, ಇಷ್ಟು ಇಳಿಸು' ಎಂಬುದು ಮತ್ತೊಂದು. ಅದು ಕಂಟ್ರೋಲ್ ಚೇಂಜ್. ಒಂದು ತಂತಿಯಲ್ಲಿ 16 ವಿಳಾಸಗಳುಂಟು. ಅಂಚೆಯವನು ಮನೆ ನಂಬರು ನೋಡಿ ಕಾಗದ ಹಾಕುವಂತೆ, ಹಲಗೆ ಕಳಿಸುವ ವಿಳಾಸವೂ ಯಂತ್ರ ಕಾಯುತ್ತಿರುವ ವಿಳಾಸವೂ ಒಂದೇ ಆಗಿದ್ದರೆ ಮಾತ್ರ ಅಪ್ಪಣೆ ಮುಟ್ಟುತ್ತದೆ. ವೇಗ ಸೆಕೆಂಡಿಗೆ 31,250 ಬಿಟ್. ಇಂದಿನ ಕಾಲಕ್ಕೆ ಇದು ಎತ್ತಿನ ಗಾಡಿಯಾದರೂ ಅಪ್ಪಣೆ ಅಷ್ಟು ಚಿಕ್ಕದಾದುದರಿಂದ ಸೆಕೆಂಡಿನ ಸಾವಿರದ ಒಂದು ಪಾಲಿನೊಳಗೆ ಮುಟ್ಟಿಬಿಡುತ್ತದೆ. ತಂತಿ 15 ಮೀಟರಿಗಿಂತ ಉದ್ದವಾಗಬಾರದೆಂಬುದೊಂದೇ ಕಟ್ಟಳೆ. ಮತ್ತೊಂದು ಜಾಣತನವನ್ನು ಹೇಳದೆ ಮುಂದೆ ಹೋಗಲಾಗದು. ಅಪ್ಪಣೆಯನ್ನು ಬರಮಾಡಿಕೊಳ್ಳುವ ಯಂತ್ರದೊಳಗೆ ವಿದ್ಯುತ್ತು ಒಂದು ಪುಟ್ಟ ದೀಪವನ್ನು ಮಿನುಗಿಸುತ್ತದೆ. ಎದುರಿಗಿರುವ ಕಣ್ಣು ಆ ಮಿನುಗನ್ನು ಓದಿಕೊಳ್ಳುತ್ತದೆ. ಎರಡು ಯಂತ್ರಗಳ ನಡುವೆ ಬೆಳಕಿನ ಸಂಬಂಧವೇ ಹೊರತು ವಿದ್ಯುತ್ತಿನ ಸಂಬಂಧವಿಲ್ಲ. ಹೀಗಾಗಿ ಒಂದರ ಗುಂಯ್‌ಗುಡುವಿಕೆ ಮತ್ತೊಂದಕ್ಕೆ ದಾಟುವುದಿಲ್ಲ.

ಇಷ್ಟಾದರೂ ಮೊದಲ ದಿನ ಏನಾದರೊಂದು ಎಡವಟ್ಟಾಗುವುದು ಖಂಡಿತ. ಹೆಚ್ಚಿನವರು ಎಡವುವುದು ಸೊನ್ನೆಯಲ್ಲಿ. ಮಿಡಿಯ ಅಂಕಿಗಳು 0ಯಿಂದ 127ರವರೆಗೆ. ಕೆಲವು ಕಂಪನಿಗಳು ಮನುಷ್ಯರ ಅನುಕೂಲಕ್ಕೆಂದು ಅದನ್ನೇ 1ರಿಂದ 128 ಎಂದು ಬರೆಯುತ್ತವೆ. ಹಲಗೆಯಲ್ಲಿ 5 ಎಂದು ಒತ್ತಿದರೆ ಯಂತ್ರದಲ್ಲಿ 4 ಅಥವಾ 6 ಬರುತ್ತದೆ. ಹುಡುಗ ಯಂತ್ರವೇ ಕೆಟ್ಟಿತೆಂದು ಅಂಗಡಿಗೆ ಓಡುತ್ತಾನೆ. ಯಾವುದೂ ಕೆಟ್ಟಿಲ್ಲ; ಎರಡೂ ಎಣಿಸುವ ಕ್ರಮ ಬೇರೆ, ಅಷ್ಟೆ. 128ಕ್ಕಿಂತ ಹೆಚ್ಚು ಕಂಠಗಳಿದ್ದರೆ ಮೊದಲು 'ಯಾವ ಬೀದಿ' ಎಂದು ಹೇಳುವ ಬ್ಯಾಂಕ್ ಅಪ್ಪಣೆ, ಆಮೇಲೆ ಮನೆಯ ಸಂಖ್ಯೆ ಎಂಬ ಕ್ರಮ.

ಇದಕ್ಕಿಂತ ಸೂಕ್ಷ್ಮವಾದದ್ದು ಕಂಠ ಬದಲಾಗುವಾಗಿನ ಮೌನ. ಒಂದು ಕಂಠದಿಂದ ಇನ್ನೊಂದಕ್ಕೆ ಪೂರ್ತಿಯಾಗಿ ಹಾರಿದರೆ ಯಂತ್ರವು ಲೆಕ್ಕವನ್ನೆಲ್ಲ ಹೊಸದಾಗಿ ಹೂಡಬೇಕು. ಆಗ ಒಂದು ಕ್ಷಣ ನಾದ ಕಡಿಯುತ್ತದೆ, ಗಾಳಿಯಲ್ಲಿ ತೇಲುತ್ತಿದ್ದ ಮಾರ್ದನಿಯ ಬಾಲವೂ ತುಂಡಾಗುತ್ತದೆ. ಮನೆಯ ಅಭ್ಯಾಸದಲ್ಲಿ ಇದು ಗೊತ್ತಾಗದು. ಸಭೆಯಲ್ಲಿ ಚರಣದ ಮೊದಲ ಸ್ವರವೇ ನುಂಗಿಹೋದಾಗ ಎದೆ ಧಸಕ್ಕೆನ್ನುತ್ತದೆ. ಇದಕ್ಕೆ ಪರಿಹಾರವೆಂದರೆ ಒಂದು ಹಾಡಿಗೆ ಒಂದೇ ಕಂಠವನ್ನಿಟ್ಟು, ಅದರೊಳಗಣ ಅಂಗಗಳನ್ನು ಮಾತ್ರ ಹಚ್ಚುವುದು, ಆರಿಸುವುದು. ಈ ಒಳರೂಪಗಳಿಗೆ ಹೀಲಿಕ್ಸಿನವರು 'ಸ್ನ್ಯಾಪ್‌ಶಾಟ್' ಎನ್ನುತ್ತಾರೆ, ಫ್ರ್ಯಾಕ್ಟಲಿನವರು 'ಸೀನ್' ಎನ್ನುತ್ತಾರೆ. ಹೀಲಿಕ್ಸಿನಲ್ಲಿ ಎಂಟು ರೂಪಗಳಿವೆ; ಹೊರಗಿನ ಹಲಗೆಯಿಂದ 69ನೆಯ ಕಂಟ್ರೋಲಿಗೆ 0ಯಿಂದ 7ರವರೆಗಿನ ಅಂಕಿ ಕಳಿಸಿದರೆ ಬೇಕಾದುದು ಬರುತ್ತದೆ. ಹತ್ತು ಗುಂಡಿಯ ಹಲಗೆಗೆ ಇದು ಹೇಳಿಮಾಡಿಸಿದ ಏರ್ಪಾಡು: ಮೇಲಿನ ಸಾಲಿಗೆ ಹಾಡುಗಳು, ಕೆಳಗಿನ ಸಾಲಿಗೆ ಪಲ್ಲವಿ, ಚರಣ, ಏಕವಾದನ.

ಹಳೆಯ ಹಲಗೆಗಳಲ್ಲಿ ಎರಡು ತುಳಿಮಣೆಗಳೂ ಇರುವುದುಂಟು. ಕಾಲನ್ನು ಮುಂದೊತ್ತಿದಂತೆ ಧ್ವನಿ ಏರುವುದಕ್ಕೋ 'ವಾ ವಾ' ಎಂದು ಗಿಟಾರು ಮಾತನಾಡುವುದಕ್ಕೋ ಅವು ಬೇಕು. ಇಲ್ಲಿಯೂ 128 ಮೆಟ್ಟಿಲುಗಳೇ. ವರ್ಷಗಟ್ಟಲೆ ಧೂಳು ತಿಂದ ತುಳಿಮಣೆ ಪೂರ್ತಿ ತುಳಿದರೂ 120ಕ್ಕೇ ನಿಲ್ಲಬಹುದು; ಅಳತೆ ಹೊಂದಿಸುವ ಕ್ರಮವನ್ನು ಒಮ್ಮೆ ನಡೆಸಿದರೆ ಸರಿಹೋಗುತ್ತದೆ.

ಪತ್ರ ಬರೆದವರಿಗೆ ನಮ್ಮ ಉತ್ತರವಿಷ್ಟೆ. ಹಳೆಯ ಹಲಗೆಯ ಹಿಂದೆ ಐದು ಮುಳ್ಳಿನ ದುಂಡನೆಯ ಕಿಂಡಿಯಿದ್ದರೆ ಅದನ್ನು ಇಳಿಸಿ, ಧೂಳು ಒರೆಸಿ. ಹೊಸ ಯಂತ್ರದಲ್ಲಿಯೂ ಅಂಥದೇ ಕಿಂಡಿಯಿದ್ದರೆ ಒಂದು ತಂತಿಯ ಖರ್ಚಿನಲ್ಲಿ ಕೆಲಸ ಮುಗಿಯಿತು. ದುಂಡನೆಯದಕ್ಕೆ ಬದಲು ಹೆಡ್‌ಫೋನಿನಂಥ ಪುಟ್ಟ ಕಿಂಡಿಯಿದ್ದರೆ ಒಂದು ಜೋಡಣೆಯ ತಂತಿ ಬೇಕು. ಅದರಲ್ಲಿ ಎ ಮತ್ತು ಬಿ ಎಂದು ಎರಡು ಬಗೆಯಿರುವುದರಿಂದ ಯಂತ್ರದ ಕೈಪಿಡಿ ನೋಡಿಯೇ ಕೊಳ್ಳಬೇಕು. ಯಂತ್ರದಲ್ಲಿ ಯುಎಸ್‌ಬಿ ಕಿಂಡಿ ಮಾತ್ರ ಇದ್ದರೆ ನೇರವಾಗಿ ಕೂಡಿಸಲು ಬಾರದು, ನಡುವೆ ಒಂದು ಕಂಪ್ಯೂಟರೋ ಅದರ ಕೆಲಸ ಮಾಡುವ ಪೆಟ್ಟಿಗೆಯೋ ಬೇಕಾಗುತ್ತದೆ. ಆಗ ಲೆಕ್ಕ ಹಾಕಿ ನೋಡಿ. ಕೆಲವು ಕಂಪನಿಗಳು ತಮ್ಮ ಯಂತ್ರಕ್ಕೆ ತಮ್ಮದೇ ಹಲಗೆ, ತಮ್ಮದೇ ತಂತಿ ಎಂದು ಮಾರುತ್ತವೆ. ಅವು ಕೂಡಿಸಿದೊಡನೆ ನಡೆಯುತ್ತವೆ, ಕಂಠದ ಹೆಸರನ್ನೂ ತೋರಿಸುತ್ತವೆ, ನಿಜವಾಗಿಯೂ ಅನುಕೂಲ. ಆದರೆ ಯಂತ್ರ ಮಾರಿದ ದಿನ ಹಲಗೆಯೂ ನಿರುಪಯೋಗಿ. ಮಿಡಿಯ ಹಲಗೆಗೆ ಆ ಗತಿಯಿಲ್ಲ. 2020ರಲ್ಲಿ ಮಿಡಿಯ ಎರಡನೆಯ ಆವೃತ್ತಿ ಹೊರಬಂದಾಗಲೂ ಹಳೆಯದರೊಡನೆ ಅದು ಮಾತನಾಡಬಲ್ಲಂತೆಯೇ ರೂಪಿಸಿದ್ದಾರೆ.

ಹುಡುಗನಿಗೆ ಒಂದು ಕೆಲಸವನ್ನು ಮಾತ್ರ ತಪ್ಪದೆ ಹೇಳಿ. ಹಳೆಯ ಹಲಗೆಗಳಲ್ಲಿ ಅಕ್ಷರ ಮೂಡುವುದಿಲ್ಲ, ಅಂಕಿ ಮಾತ್ರ. ಯಾವ ಗುಂಡಿ ಯಾವ ಅಂಕಿ ಕಳಿಸುತ್ತದೆಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ಗುಂಡಿಗಳ ಮೇಲೆ ಬಿಳಿಯ ಪಟ್ಟಿ ಅಂಟಿಸಿ ದಪ್ಪಕ್ಷರಗಳಲ್ಲಿ ಹೆಸರು ಗುರುತು ಮಾಡಲಿ. ಆಮೇಲೆ ಕೋಣೆಯ ದೀಪ ಆರಿಸಿ, ಬೂಟು ಹಾಕಿಕೊಂಡೇ, ಮೂರು ಹಾಡುಗಳನ್ನು ನಿಂತು ನುಡಿಸಲಿ. ಬರಿಗಾಲಿಗೆ ಒಂದೇ ಗುಂಡಿ ಸಿಕ್ಕುವಲ್ಲಿ ಬೂಟಿಗೆ ಎರಡು ಸಿಕ್ಕುತ್ತವೆ.